ಮೊದಲ ರೊಟ್ಟಿ ಚಂದ್ರಿಗೆ

ದನ ಎಮ್ಮೆಗಳನ್ನು ಕೊಳ್ಳುವುದು, ಮಾರುವುದು ನಿಂತುಹೋಗಿ ಒಂದು ತಲೆಮಾರೇ ಆಗಿತ್ತು. ವರ್ಷಕ್ಕೊಮ್ಮೆ ಹಗ್ಗ ಬಿಚ್ಚಿ ಕೆರೆಯಂಗಳದಲ್ಲಿ ಬಿಟ್ಟರೆ, ಅವೇ ತಮಗೆ ಬೇಕಾದ ಮನೆಗೆ ನಡೆದು ಹೋಗುತ್ತಿದ್ದವು. ಯಾರೂ ಕರೆಯುವಂತಿರಲಿಲ್ಲ. ಬಾಗಿಲು ತೆರೆದಿಟ್ಟು ಕಾಯಬೇಕು, ಅಷ್ಟೆ.

ಬಾಳವ್ವನ ಎಮ್ಮೆ ಚಂದ್ರಿಗೆ ಈ ವರ್ಷ ಕಣ್ಣು ಪೂರ್ತಿ ಹೋಗಿತ್ತು. ಮನೆಯನ್ನು ವಾಸನೆ ಹಿಡಿದೇ ಗುರುತಿಸಬೇಕು. ಹೊಸ ಸೊಸೆ ದಾಕ್ಷಾಯಿಣಿಗೆ ಅದು ಹೊಳೆಯಲಿಲ್ಲ. ಚಂದ್ರಿ ಬರುತ್ತಾಳೆಂಬ ಸಂಭ್ರಮಕ್ಕೆ ಕೊಟ್ಟಿಗೆ, ಅಂಗಳವನ್ನೆಲ್ಲ ಫಿನಾಯಿಲ್ ಹಾಕಿ ತೊಳೆದುಬಿಟ್ಟಿದ್ದಳು.

ಚಂದ್ರಿ ಓಣಿಗೆ ಬಂದು, ಮೂಗರಳಿಸಿ ನಿಂತಳು. ಆಮೇಲೆ ಎದುರುಮನೆ ಫಕೀರಪ್ಪನ ಅಂಗಳದತ್ತ ತಿರುಗಿದಳು.

"ಅತ್ತಿ, ನನ್ನಿಂದನ ಹಿಂಗಾತು" ಎಂದು ಸೊಸೆ ಕಣ್ಣು ತುಂಬಿಕೊಂಡಳು.

"ಅಳಬ್ಯಾಡ. ಹೊತ್ತಾತು, ಹೋಗಿ ರೊಟ್ಟಿ ಬಡಿ. ಬರೂದು ಬಿಡೂದು ದೇವರ ಕೈಯಾಗ ಐತಿ."

ಬಾಳವ್ವನ ಮನೆಯಲ್ಲಿ ಮೊದಲ ರೊಟ್ಟಿ ಎಮ್ಮೆಗೆ. ದೇವರ ನೈವೇದ್ಯವೂ ಅದರ ನಂತರವೇ. ಮದುವೆಯಾಗಿ ಬಂದಾಗಿನಿಂದ ಆ ರೊಟ್ಟಿ ಬಡಿದು ಬಾಯಿಗಿಡುತ್ತಿದ್ದವಳು ದಾಕ್ಷಾಯಿಣಿ.

ಒಳಗೆ ಹಿಟ್ಟಿನ ಮೇಲೆ ಅಂಗೈ ಬಿದ್ದ ಸದ್ದು ಪಟಪಟನೆ ಎದ್ದಿತು. ಚಂದ್ರಿಯ ಕಿವಿ ನಿಮಿರಿತು. ತಿರುಗಿ, ಫಿನಾಯಿಲಿನ ಅಂಗಳ ದಾಟಿ ಬಂದವಳೇ ಹೊಸ್ತಿಲೊಳಗೆ ಕುತ್ತಿಗೆ ಚಾಚಿದಳು. ಬಾಳವ್ವ ದೇವರ ಜಗಲಿಯವರೆಗೆ ಹೋಗಲಿಲ್ಲ; ಅಲ್ಲೇ, ಆ ಹೊಸ್ತಿಲಿಗೇ ಕೈಮುಗಿದಳು.

"ಬಾಳಕ್ಕಾ, ಇದು ಕರದಂಗ ಆಗಲಿಲ್ಲೇನು?" ಎಂದ ಫಕೀರಪ್ಪ.

"ರೊಟ್ಟಿ ಊರ ತುಂಬ ಬಡಿತಾರ, ಫಕೀರಪ್ಪ" ಎಂದಳು ಬಾಳವ್ವ, ಇಡೀ ಓಣಿಗೆ ಕೇಳುವಂತೆ. "ಚಂದ್ರಿ ಬಂದದ್ದು ನಮ್ಮ ಸೊಸಿ ಕೈ ಗುರುತು ಹಿಡದು."