ಹಡಗುಗಳಿಗೆ ಕೈ ಬೀಸಿದ ಮಧ್ಯಾಹ್ನ

ಈಗಲೂ ಕಾರಿನೊಳಗೆ ಯಾರಾದರೂ ಮೀನು ಸಾರಿನ ಡಬ್ಬಿ ಇಟ್ಟರೆ, ಅಡಿಲೇಡ್‌ನ ಈ ಚಳಿಯಲ್ಲೂ ನಾನು ಕಿಟಕಿ ಇಳಿಸಿಬಿಡುತ್ತೇನೆ.

ಆಗ ನಮ್ಮ ಮನೆ ಪರ್ತ್‌ನ ಕ್ಯಾನಿಂಗ್ ವೇಲ್‌ನಲ್ಲಿತ್ತು. ಪಪ್ಪ ಸರಕು ಹಡಗಿನ ಕ್ಯಾಪ್ಟನ್. ಎಷ್ಟೋ ತಿಂಗಳ ಮೇಲೆ ಅವರ ಹಡಗು ನಮ್ಮೂರಿನ ಬಂದರಿಗೇ ಬರುತ್ತದೆಂದು ಮಮ್ಮಿ ಬೆಳಿಗ್ಗೆಯೇ ಬಂಗುಡೆ ಸಾರು ಮಾಡಿ, ಚೆಲ್ಲದಿರಲೆಂದು ಡಬ್ಬಿಗೆ ಹಳೇ ಬಟ್ಟೆ ಬಿಗಿದಿದ್ದರು. ನಾನು ಹೊಸ ಹಳದಿ ಫ್ರಾಕ್ ಹಾಕಿಕೊಂಡಿದ್ದೆ.

ಬಂದರು ತಲುಪುವಷ್ಟರಲ್ಲಿ ಪಪ್ಪನ ಫೋನ್. ಹಡಗು ಕಟ್ಟುವ ಧಕ್ಕೆಯಲ್ಲಿ ಜಾಗ ಖಾಲಿಯಿಲ್ಲವಂತೆ, ಹಡಗು ಸಮುದ್ರದಲ್ಲೇ ಲಂಗರು ಹಾಕಿ ನಿಂತಿದೆಯಂತೆ.

"ಕ್ಯಾಪ್ಟನ್ನೇ ಹಡಗು ಬಿಟ್ಟು ಬರೋಕಾಗುತ್ತಾ? ಬೀಚಲ್ಲಿ ನಿಂತ್ಕೊಳ್ಳಿ, ಬೈನಾಕ್ಯುಲರ್‌ನಲ್ಲಿ ನೋಡ್ತೀನಿ," ಅಂದರು.

ದೂರದಲ್ಲಿ ಬೆಂಕಿಪೊಟ್ಟಣದಂಥ ನಾಲ್ಕು ಹಡಗುಗಳಿದ್ದವು. ಪಪ್ಪನದು ಯಾವುದೆಂದು ಮಮ್ಮಿಗೂ ಗೊತ್ತಿರಲಿಲ್ಲ. ಸುಡುವ ಮರಳಲ್ಲಿ ನಿಂತು ನಾಲ್ಕಕ್ಕೂ ಕೈ ಬೀಸಿದೆ. ಅಷ್ಟು ದೊಡ್ಡ ಹಡಗು ನಡೆಸುವವರಿಗೆ ದಡಕ್ಕೆ ಬರಲು ಒಂದು ದೋಣಿ ಸಿಗುವುದಿಲ್ಲವೇ ಎಂದು ಅಳು ಬರುವಷ್ಟು ಸಿಟ್ಟು ಬಂದಿತ್ತು.

ಮತ್ತೆ ಫೋನ್ ಬಂತು. ಮಮ್ಮಿ ಸ್ಪೀಕರ್ ಹಾಕಿದರು.

"ಕಾಣಿಸ್ತಿದ್ದೀಯ ಪುಟ್ಟಿ! ಕೆಂಪು ಫ್ರಾಕ್‌ನಲ್ಲಿ ಎಷ್ಟು ಚೆನ್ನಾಗಿದ್ದೀಯ!"

"ಬಟ್ ಮಮ್ಮಿ, ಐ ಆಮ್ ಇನ್ ಯೆಲ್ಲೋ..."

ಮಮ್ಮಿ ನನ್ನ ಬಾಯಿ ಮುಚ್ಚಿದರು. "ಥ್ಯಾಂಕ್ಯೂ ಪಪ್ಪ ಅನ್ನು," ಎಂದು ಪಿಸುಗುಟ್ಟಿದರು.

ಅಂದೆ.

ಆಮೇಲೆ ಕಾರಿನಲ್ಲೇ ಊಟಕ್ಕೆ ಕೂತೆವು. ಮಮ್ಮಿ ಡಬ್ಬಿಯ ಗಂಟು ಬಿಚ್ಚಿದರು. ಸಾರು ಹೀರಿಕೊಂಡು ನಾರುತ್ತಿದ್ದ ಆ ಬಟ್ಟೆ, ಹಿಂದಿನ ಸಲ ಪಪ್ಪ ಬಂದಾಗ ನಾನು ಹಾಕಿಕೊಂಡಿದ್ದ, ನನಗೆ ಎಂದೋ ಗಿಡ್ಡವಾಗಿಹೋಗಿದ್ದ ಕೆಂಪು ಫ್ರಾಕ್.