ಕೈಗುಣ

ಚೀಟಿಯನ್ನು ಅವನು ಎಡಗಾಲಿನ ಶೂ ಒಳಗೆ ಮಡಚಿಟ್ಟುಕೊಂಡಿದ್ದ. ಒಗೆಯುವ ಮುನ್ನ ಜೇಬು ತಡಕುವುದು ಹೆಂಡತಿಯ ರೂಢಿ. ಶೂ ಒಳಗೆ ಕೈ ಹಾಕುವಷ್ಟು ಧೈರ್ಯ ಅವಳಿಗೂ ಇರಲಿಲ್ಲ.

"ಫ್ಯಾಕ್ಟರಿ ನಾಲ್ಕು ದಿನ ಮುಚ್ಚಿರುತ್ತೆ. ಗೆಳೆಯನ ಊರಿಗೆ ಹೋಗಿಬರ್ತೀನಿ," ಎಂದ.

"ಬಸ್ಸಲ್ಲಿ ಹೋಗ್ರೀ. ಆ ಮುದಿ ಗಾಡಿ ಯಾಕೆ?"

"ಅದನ್ನ ಬಿಟ್ಟು ನಾನೆಲ್ಲಿ ಹೋಗಿದ್ದೀನಿ?"

ಅವಳು ಬಾಗಿಲ ತನಕ ಬಂದಳು. "ದಾರೀಲಿ ಏನಾದ್ರೂ ಆದ್ರೆ ಕಂಡಕಂಡೋರ ಕೈಲಿ ಇಂಜಿನ್ ಬಿಚ್ಚಿಸಬೇಡಿ. ನನ್ನ ತಮ್ಮನಿಗೆ ಒಂದು ಫೋನ್ ಮಾಡಿ."

ತಮ್ಮನಿಗೆ! ಲೇತ್ ಅಂಗಡಿಯಲ್ಲಿ ಇಂಜಿನ್ ಕೊರೆದುಕೊಂಡಿರುವ ಆ ತಮ್ಮನಿಗೆ ಗೊತ್ತಾಗಬಾರದೆಂದೇ ಅವನು ನೂರಿಪ್ಪತ್ತು ಕಿಲೋಮೀಟರ್ ಆಚೆಯ ಗ್ಯಾರೇಜು ಹುಡುಕಿದ್ದು.

ಇಪ್ಪತ್ತೆರಡು ವರ್ಷದ ಪಿಕಪ್ ಗಾಡಿಯಲ್ಲಿ ಐಸ್ ಫ್ಯಾಕ್ಟರಿಯಿಂದ ಬೆಟ್ಟದ ಮೇಲಿನ ಹೋಟೆಲುಗಳಿಗೆ ಮಂಜುಗಡ್ಡೆ ಸಾಗಿಸುವುದು ಅವನ ಕೆಲಸ. ಹಿಂದೆಲ್ಲ ಗಾಡಿ ತೆವಳುತ್ತ ತುದಿ ಮುಟ್ಟುವಷ್ಟರಲ್ಲಿ ಕಾಲುಭಾಗ ನೀರಾಗಿ ರಸ್ತೆಗೆ ಸುರಿಯುತ್ತಿತ್ತು. ಮೂರು ವರ್ಷದ ಹಿಂದೆ ಗಡ್ಡೆ ಇಳಿಸುವಾಗ ಜಾರಿಬಿದ್ದು ಕಾಲು ಮುರಿದುಕೊಂಡ. ಎರಡು ತಿಂಗಳು ಪ್ಲಾಸ್ಟರು. ಅಷ್ಟು ದಿನ ಗಾಡಿ ಓಡಿಸಿದವಳು ಹೆಂಡತಿ. ಮೊದಮೊದಲು, ಐಸು ಹೇರಿಕೊಂಡು ಹೋಗಿ ನೀರು ಇಳಿಸಿ ಬಂದೆ ಎಂದು ಅಳುತ್ತಿದ್ದಳು. ಒಂದು ತಿಂಗಳಾದ ಮೇಲೆ ಅಳು ನಿಂತಿತು. ಅಭ್ಯಾಸವಾಯಿತು ಎಂದುಕೊಂಡು ಅವನು ಮಗ್ಗುಲು ಬದಲಿಸಿದ್ದ.

ಎದ್ದು ಬಂದು ಸ್ಟೀರಿಂಗ್ ಹಿಡಿದ ಮೊದಲ ದಿನವೇ ಗಡ್ಡೆಗಳು ಮೂಲೆ ಕೂಡ ಮೊಂಡಾಗದೆ ಬೆಟ್ಟ ಹತ್ತಿದವು. ಗಾಡಿಯ ದನಿಯೂ ದಪ್ಪವಾಗಿತ್ತು. "ಯಜಮಾನ ಬಂದ ಖುಷಿ," ಎಂದು ಬಾನೆಟ್ ತಟ್ಟಿದ. ಪೆಟ್ರೋಲ್ ಮಾತ್ರ ಹೆಚ್ಚು ಕುಡಿಯುತ್ತಿತ್ತು. ಅದಕ್ಕಾಗಿ ಬಂಕಿನವನ ಜೊತೆ ಜಗಳವಾಡಿ ಬಂಕನ್ನೇ ಬದಲಿಸಿದ.

ಅಂದಿನಿಂದ ಊಟಕ್ಕೆ ಕೂತಾಗಲೆಲ್ಲ ಅದೇ ಪುರಾಣ. ಎದುರಿಗೆ ಹೆಂಡತಿಯ ತಮ್ಮನಿದ್ದರಂತೂ ಮುಗಿಯಿತು.

"ನೀವು ಲೇತಿನೋರು ಎಲ್ಲಾ ಕಬ್ಬಿಣದಲ್ಲಿದೆ ಅಂತೀರಿ. ಅದೇ ಗಾಡಿ, ಅದೇ ಇಂಜಿನ್. ನಿಮ್ಮಕ್ಕ ಓಡಿಸಿದಾಗ ಐಸು ಯಾಕೆ ಕರಗ್ತಿತ್ತು? ಕೈಗುಣ ಕಣಯ್ಯಾ, ಕೈಗುಣ!"

"ಹೌದು ಭಾವ, ಕೈಗುಣಾನೇ," ಎಂದು ತಟ್ಟೆ ನೋಡುತ್ತ ಭಾಮೈದ ಒಪ್ಪುತ್ತಿದ್ದ. ಅಕ್ಕನಿಗೆ ಸರಿಯಾಗಿ ಆಗಲೇ ಕೆಮ್ಮು ಬರುತ್ತಿತ್ತು.

ಈಗ ಆ ಕೈಗುಣಕ್ಕೇ ಕುತ್ತು ಬಂದಿತ್ತು. ಫ್ಯಾಕ್ಟರಿಯ ಮ್ಯಾನೇಜರು ಇನ್ನೂ ಕಡಿದಾದ ಎರಡನೆಯ ಬೆಟ್ಟಕ್ಕೆ ಸೋಮವಾರ ಒಂದೂವರೆ ಪಟ್ಟು ಭಾರ ಹೇರಿ ಕಳಿಸಿ ನೋಡುವವರಿದ್ದರು. ಗಡ್ಡೆ ಗಡ್ಡೆಯಾಗಿಯೇ ತಲುಪಿದರೆ ಎರಡೂ ಬೆಟ್ಟ ಇವನಿಗೆ. ಇಲ್ಲದಿದ್ದರೆ ಎರಡೂ ಹೊಸ ಲಾರಿಯವನಿಗೆ. "ನನ್ನ ಕೈಲಿ ಹತ್ತುತ್ತೆ ಬಿಡಿ," ಎಂದು ಎಲ್ಲರೆದುರು ಬಡಾಯಿ ಕೊಚ್ಚಿಯಾಗಿತ್ತು. ಹೋದ ವಾರ ಗುಟ್ಟಾಗಿ ಹತ್ತಿಸಿ ನೋಡಿದರೆ ಗಾಡಿ ಅರ್ಧದಾರಿಗೆ ಏದುಸಿರು ಬಿಟ್ಟಿತು. ಕೈಗುಣಕ್ಕೆ ಕಬ್ಬಿಣದ ಸಹಾಯ ಬೇಕಿತ್ತು. ತುಸುವೇ. ಅತಿಯಾದರೆ ಗೇರುಪೆಟ್ಟಿಗೆ ಕೈಕೊಡುತ್ತದೆ. ಹಾಗೆಂದು ಅಳೆದು ಸುರಿದು, ಹಳೆಯ ವಾಹನ ಪತ್ರಿಕೆಗಳನ್ನೆಲ್ಲ ತಿರುವಿಹಾಕಿ ಬರೆದುಕೊಂಡದ್ದೇ ಆ ಚೀಟಿ.

ಗ್ಯಾರೇಜಿನ ಮೇಸ್ತ್ರಿ ಶೂ ವಾಸನೆಯ ಚೀಟಿಯನ್ನು ಎರಡು ಬೆರಳಲ್ಲಿ ಹಿಡಿದು ಗಟ್ಟಿಯಾಗಿ ಓದಿದ. ಸಿಲಿಂಡರನ್ನು ಕೊರೆದು ಒಂದು ಮಿಲಿಮೀಟರ್ ದೊಡ್ಡ ಪಿಸ್ಟನ್. ಸಿಲಿಂಡರಿನ ಮೇಲೆ ಕೂರುವ ಹೆಡ್ಡನ್ನು ಕೂದಲೆಳೆಯಷ್ಟು ಸವೆಸುವುದು. ವಾಲ್ವುಗಳನ್ನು ಇನ್ನಷ್ಟು ಎತ್ತುವ ಕ್ಯಾಮ್.

"ರೇಸಿಗಾ ಸಾಹೇಬ್ರೇ?"

"ಛೇ, ಬೆಟ್ಟಕ್ಕೆ. ನೋಡಿದೋರಿಗೆ ಗೊತ್ತಾಗಬಾರದು."

"ಹಿಂದೆ ಯಾರು ಬಿಚ್ಚಿದ್ರು? ಬಿಚ್ಚಿದೋರು ಇಂಜಿನ್ ಮೇಲಿನ ಟ್ಯಾಪೆಟ್ ಕವರಿನ ಒಳಗೆ ತಾರೀಖು, ಅಳತೆ ಗೀಚಿಟ್ಟಿರ್ತಾರೆ. ಮುಂದೆ ಬಿಚ್ಚೋನಿಗೆ ಸಲೀಸು."

"ಕಂಪನಿಯಿಂದ ಬಂದ ಮೇಲೆ ಯಾರ ಕೈಯೂ ಬಿದ್ದಿಲ್ಲ. ಮೊದಲು ಗೀಚೋರು ನೀವೇ."

ಮಧ್ಯಾಹ್ನದ ಹೊತ್ತಿಗೆ ಕವರು ಮೂಲೆಯಲ್ಲಿ ಬೋರಲು ಬಿದ್ದಿತ್ತು, ಹೆಡ್ಡು ಬೆಂಚಿನ ಮೇಲಿತ್ತು. ಅಲ್ಲಿಯವರೆಗೆ ಸಿಳ್ಳೆ ಹಾಕುತ್ತಿದ್ದ ಮೇಸ್ತ್ರಿ ಅದರ ಮೇಲೆ ಬಗ್ಗಿದ.

"ಈ ಕ್ಯಾಮ್ ಕಂಪನಿದಲ್ಲ," ಎಂದ. ಹೆಡ್ಡಿನ ದಪ್ಪ ಅಳೆದ. "ಇದನ್ನೂ ಸವೆಸಿದ್ದಾರೆ." ಪಿಸ್ಟನ್ನಿನ ನೆತ್ತಿಯ ಮಸಿ ಕೆರೆದ. ಅಲ್ಲಿ ಅಚ್ಚೊತ್ತಿದ ಅಂಕಿ ಕಂಡಿತು. ಒಂದು ಮಿಲಿಮೀಟರ್.

"ನೀವು ಬರೆದುಕೊಂಡು ಬಂದದ್ದೆಲ್ಲ ಆಗಲೇ ಇದರೊಳಗಿದೆಯಲ್ರೀ! ಇನ್ನು ಕೊರೆದ್ರೆ ಗೋಡೆ ಉಳಿಯಲ್ಲ. ಎಂಥಾ ನಾಜೂಕಿನ ಕೆಲಸ ನೋಡಿ. ಇದನ್ನ ಮಾಡಿದೋನನ್ನೇ ಹಿಡೀರಿ. ನಿಮ್ಮ ಬೆಟ್ಟಕ್ಕೆ ದಾರಿ ಅಂತ ಇದ್ರೆ ಅವನಿಗೇ ಗೊತ್ತಿರುತ್ತೆ."

"ಸಾಧ್ಯವೇ ಇಲ್ಲ," ಎಂದ ಅವನು.

ಮೇಸ್ತ್ರಿ ಕವರನ್ನು ಅಂಗಾತ ಮಾಡಿ ಪೆಟ್ರೋಲ್ ಬಟ್ಟೆಯಿಂದ ಒರೆಸಿದ. ಕಪ್ಪು ಜಿಡ್ಡಿನಡಿಯಿಂದ ಮುತ್ತು ಪೋಣಿಸಿದಂಥ ಗೀಚು ಎದ್ದು ಬಂತು. ಮೊದಲು ಅಳತೆ. ಆಮೇಲೆ ತಾರೀಖು.

ಅವನು ಬೆರಳು ಮಡಚಿ ಎಣಿಸಿದ. ಕಾಲಿಗೆ ಪ್ಲಾಸ್ಟರು ಬಿದ್ದ ನಾಲ್ಕನೆಯ ವಾರ! ಗಾಡಿ ಹೆಂಡತಿಯ ಕೈಯಲ್ಲಿದ್ದ ಕಾಲ. ಇಂಜಿನ್ ಕೆಡಿಸಿ, ಯಾವನ ಕೈಲೋ ಬಿಚ್ಚಿಸಿ, ಮೂರು ವರ್ಷ ತುಟಿ ಬಿಚ್ಚಿಲ್ಲ! ಮನೆಗೆ ಹೋಗಿ ಏನೇನು ಅನ್ನಬೇಕೆಂದು ನಿಂತಲ್ಲೇ ಜೋಡಿಸಿಕೊಳ್ಳತೊಡಗಿದ. ಅದಕ್ಕೂ ಮೊದಲು ಅವಳ ತಮ್ಮನನ್ನು ಕರೆಸಿ ಎದುರಿಗೆ ಕೂರಿಸಬೇಕು. ಅಕ್ಕನ ಘನಕಾರ್ಯಕ್ಕೆ ಅವನೇ ಸಾಕ್ಷಿಯಾಗಲಿ.

"ಕೆಳಗೆ ಇನ್ನೊಂದು ಸಾಲಿದೆ," ಮೇಸ್ತ್ರಿ ಕವರನ್ನು ಬೆಳಕಿಗೆ ಓರೆ ಹಿಡಿದ. "'ಭಾವನಿಗೆ ಹೇಳಬೇಡಿ' ಅಂತ. ಯಾರು ಸಾಹೇಬ್ರೇ, ಈ ಭಾವ?"