ಅಕ್ಕನ ಕನ್ನಡಕದ ಸ್ಕ್ರೂ

ಕನ್ನಡಕದ ಅಂಗಡಿಯ ಒಳಕೋಣೆಯಲ್ಲಿ ಅವಳು ಗಾಜಿನ ಅಂಚು ಉಜ್ಜುತ್ತಿದ್ದಾಗ ಅಕ್ಕನ ಫೋನು ಬಂತು. ಮುಂದಿದ್ದ ಚೀಟಿಯಲ್ಲಿ ಅಕ್ಕನ ಊರಿನ ಐದು ಕನ್ನಡಕದ ಅಂಗಡಿಗಳ ಹೆಸರುಗಳಿದ್ದವು. ಎಲ್ಲಕ್ಕಿಂತ ಮೇಲೆ, ‘ಕೆಲಸ ಗಟ್ಟಿಯಾದ ಮೇಲಷ್ಟೇ ಹೊರಡುವುದು’ ಎಂದು ದಪ್ಪಗೆ ಬರೆದುಕೊಂಡಿದ್ದಳು. ಅಕ್ಕನ ಜೊತೆ ನೆಲೆಸುವ ಆಸೆಯಿದ್ದರೂ, ಬರಿಗೈಯಲ್ಲಿ ಹೋಗಿ ಹೊರೆಯಾಗಲು ಅವಳಿಗೆ ಮನಸ್ಸಿರಲಿಲ್ಲ.

“ನೀನು ಹೇಳಿದ್ದ ಐದೂ ಅಂಗಡಿ ನೋಡ್ಕೊಂಡು ಬಂದೆ ಕಣೇ. ಮೂರನೇದಕ್ಕೆ ಅರ್ಜಿ ಹಾಕು. ಕೆಲಸದವರಿಗೆ ಕೂರೋಕೆ ಕುರ್ಚಿ ಇದೆ, ಯಜಮಾನ ಸಿಡುಕೋದಿಲ್ಲ.”

“ಆ ನೋಯೋ ಮೊಣಕಾಲು ಇಟ್ಕೊಂಡು ಊರೆಲ್ಲ ಸುತ್ತಿದ್ಯಾ? ಏನಂತ ಹೇಳಿ ಒಳಗೆ ಹೋದೆ?”

“ಪ್ರತಿ ಅಂಗಡಿ ಮುಂದೆ ನನ್ನ ಕನ್ನಡಕದ ಸ್ಕ್ರೂ ನಾನೇ ಸಡಿಲ ಮಾಡ್ಕೊಂಡು, ಬಿಗಿ ಮಾಡಿಕೊಡಿ ಅಂತ ಹೋದೆ. ಮನೆಗೆ ಬರೋಷ್ಟರಲ್ಲಿ ಅದು ಬಿದ್ದೇ ಹೋಯ್ತು. ಈಗ ದಾರ ಕಟ್ಕೊಂಡಿದ್ದೀನಿ.”

ಅವಳಿಗೆ ನಗು ಬಂತು. “ಹೊಸದು ಹಾಕಿಸ್ಕೋ ಅಕ್ಕಾ.”

“ನೀನು ಬಂದಾಗ ಹಾಕ್ತೀಯಲ್ಲ, ಅವಸರ ಏನಿದೆ?”

ಫೋನಿಟ್ಟ ಮೇಲೆ ಅವಳು ಚೀಟಿಯ ಮೇಲಿನ ಸಾಲನ್ನು ಹೊಡೆದುಹಾಕಿದಳು. ಬರುವ ತಿಂಗಳೇ ಹೊರಡುವುದು, ಕೆಲಸವನ್ನು ಅಲ್ಲಿ ಹೋಗಿ ಹುಡುಕಿದರಾಯಿತು. ಡಬ್ಬಿಯಿಂದ ಅಕ್ಕನ ಕನ್ನಡಕಕ್ಕೆ ಹೊಂದುವ ಪುಟ್ಟ ಸ್ಕ್ರೂ ಒಂದನ್ನು ಆರಿಸಿ, ಅದೇ ಚೀಟಿಯಲ್ಲಿ ಮಡಿಚಿ ಪರ್ಸಿನೊಳಗಿಟ್ಟಳು.

“ಯಾರಮ್ಮ ಫೋನಲ್ಲಿ?” ಎಂದರು ಹೊರಗಿನಿಂದ ಯಜಮಾನರು.

“ನಮ್ಮಕ್ಕ,” ಎಂದಷ್ಟೇ ಹೇಳಿ, ಅವಳು ಮತ್ತೆ ಗಾಜನ್ನು ಕೈಗೆತ್ತಿಕೊಂಡಳು.